ತಡಕ್ಕೆ ಕಾರಣ: ವಕೀಲಣ್ಣನ ಉತ್ತರಕ್ಕೆ ಕಾಯುತ್ತಿದ್ದೆ

ಮೇಲ್ಮನವಿಗೆ ಗಡುವು ಇರುತ್ತದೆ. ಅದು ದಾಟಿದರೆ, ನಿಮ್ಮ ಕಡೆ ಎಷ್ಟೇ ನ್ಯಾಯವಿರಲಿ, ಮೇಲಿನ ಕೋರ್ಟು ಮೊದಲು ಕೇಳುವುದು ಒಂದೇ ಪ್ರಶ್ನೆ: ಯಾಕೆ ತಡ? ಇದು ನಿಮಗೆ ಗೊತ್ತಿರಬೇಕಿತ್ತು. ದಿನವಿಡೀ ಕಾನೂನನ್ನೇ ಕಿವಿಗೆ ತುಂಬಿಕೊಳ್ಳುತ್ತಿದ್ದ ಇಸ್ತ್ರಿಯ ಹೆಂಗಸಿಗೂ ಗೊತ್ತಿರಬೇಕಿತ್ತು. ಗೊತ್ತಿರಲಿಲ್ಲ.

ಕೋರ್ಟಿನ ಹಿಂದಿನ ಬೀದಿಯ ಲಾಂಡ್ರಿಯಲ್ಲಿ ಅವಳು ಇಸ್ತ್ರಿ ಮಾಡುತ್ತಾಳೆ. ವಕೀಲರ ಕರಿ ಕೋಟುಗಳೆಲ್ಲ ಅಲ್ಲಿಗೇ ಬರುವುದು. ಕರಿ ಬಟ್ಟೆಯ ಮೇಲೆ ನೇರವಾಗಿ ಇಸ್ತ್ರಿ ಎಳೆದರೆ ಹೊಳಪು ಹತ್ತಿ ಕೋಟು ಕೆಡುತ್ತದೆ. ಮೇಲೊಂದು ಒದ್ದೆ ಬಿಳಿ ಬಟ್ಟೆ ಹಾಸಿ ಒತ್ತಬೇಕು. ಕೈಗೆ ಈ ಕೆಲಸ, ಒಂದು ಕಿವಿಗೆ ಫೋನಿನ ತಂತಿ. ಇನ್ನೊಂದು ಕಿವಿ ಯಜಮಾನನ ಬೈಗುಳಕ್ಕೆ ಮೀಸಲು.

ತಂತಿಯ ಆ ತುದಿಯಲ್ಲಿ ವಕೀಲಣ್ಣ. ಹೆಸರು ಅವನೇ ಇಟ್ಟುಕೊಂಡದ್ದು. ಜನಸಾಮಾನ್ಯರಿಗೆ ಕಾನೂನು ತಿಳಿಸುವ ಅವನ ಪಾಡ್‌ಕಾಸ್ಟ್ ವಾರಕ್ಕೊಮ್ಮೆ ಬರುತ್ತಿತ್ತು. ಬಾಡಿಗೆ ಕರಾರು, ಜೀವನಾಂಶ, ಪೊಲೀಸರು ಬಾಗಿಲು ತಟ್ಟಿದರೆ ಏನು ಕೇಳಬೇಕು, ಎಲ್ಲವನ್ನೂ ಒಡಹುಟ್ಟಿದವನು ಪಕ್ಕದಲ್ಲಿ ಕೂತು ಹೇಳಿದ ಹಾಗೆ ಹೇಳುತ್ತಿದ್ದ. ಅವಳು ಅದನ್ನು ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವಾಗ ಎಲ್ಲರಿಗೂ ಒಪ್ಪಿಸುತ್ತಿದ್ದಳು. ಬಟ್ಟೆ ಮಡಚುವ ಹೆಂಗಸು ಅವಳಿಗೆ ಲಾಯರಮ್ಮ ಎಂದೇ ಹೆಸರಿಟ್ಟಿದ್ದಳು. ಉಪ್ಪಿನಕಾಯಿ ಕದ್ದರೆ ಯಾವ ಸೆಕ್ಷನ್ನು ಎಂದು ಕೇಳಿ, ಕದ್ದು ತಿಂದು ತೋರಿಸುತ್ತಿದ್ದಳು.

ಕಾನೂನಿನ ಹುಚ್ಚು ಅವಳಿಗೆ ಸುಮ್ಮನೆ ಹತ್ತಿದ್ದಲ್ಲ. ತಂಗಿ ಹೆರಿಗೆಯಲ್ಲಿ ಹೋದಳು. ತಂಗಿಯ ಗಂಡ ಕೂಸನ್ನು ಇವಳ ಮಡಿಲಿಗೆ ಹಾಕಿ ಹೋದವನು ಮಗುವಿನ ಮೊದಲ ಹಲ್ಲಿಗೂ ಬರಲಿಲ್ಲ, ಮೊದಲ ದಿನದ ಶಾಲೆಗೂ ಬರಲಿಲ್ಲ. ಗುಬ್ಬಿ ಎಂದು ಕರೆದು ಬೆಳೆಸಿದ್ದು ಇವಳು. ಆ ಕೂಸಿಗಾಗಿಯೇ ಬಂದ ಸಂಬಂಧಗಳನ್ನೆಲ್ಲ ಬೇಡವೆಂದಳು. ಹುಡುಗಿ ಉದ್ದ ಜಡೆ ಹಾಕಿಸಿಕೊಳ್ಳುವ ವಯಸ್ಸಿಗೆ ಬಂದಾಗ ಅವನು ಬಂದ. ಎರಡನೆಯ ಹೆಂಡತಿಗೆ ಮಕ್ಕಳಾಗಿರಲಿಲ್ಲ. ಅಂಗಡಿಯಲ್ಲಿ ಮರೆತ ಕೊಡೆಯನ್ನು ಕೇಳುವವನ ಹಾಗೆ ಮಗಳನ್ನು ಕೇಳಿದ. ಕೆಳಗಿನ ಕೋರ್ಟು ಅವನ ಸ್ವಂತ ಮನೆ ನೋಡಿತು, ಇವಳ ಒಂದೇ ಕೋಣೆ ನೋಡಿತು. ಶಾಲೆಯ ವರ್ಷ ಮುಗಿದ ಮೇಲೆ ಮಗುವನ್ನು ತಂದೆಗೆ ಒಪ್ಪಿಸಬೇಕು ಎಂದಿತು. ಸರ್ಕಾರ ಕೊಟ್ಟ ವಕೀಲ ಮೇಲಿನ ಕೋರ್ಟಿಗೆ ಹೋಗಬಹುದು ಎಂದ, ನೋಡೋಣ ಎಂದ, ಮೆಟ್ಟಿಲಿಳಿದು ಹೋದ. ಗಡುವು ಎಂಬ ಮಾತು ಅವನ ಬಾಯಿಂದ ಬರಲಿಲ್ಲ.

ಅವಳಿಗೇನು, ಅವಳ ವಕೀಲ ಕಿವಿಯಲ್ಲೇ ಇದ್ದನಲ್ಲ. ಅವನು ಪ್ರತಿ ಕಂತಿನ ಕೊನೆಗೂ ಹೇಳುತ್ತಿದ್ದ: "ಅರೆಬರೆ ತಿಳ್ಕೊಂಡು ಕೋರ್ಟಿಗೆ ಓಡಬೇಡಿ ಅಕ್ಕ. ಮೊದಲು ನನ್ನ ಕೇಳಿ. ಉತ್ತರ ಕೊಡದೆ ಬಿಡೋನಲ್ಲ ನಾನು."

ಒಗೆಯುವ ಯಂತ್ರಗಳ ಹಿಂದೆ ನಿಂತು ಅವಳು ಪ್ರಶ್ನೆಯನ್ನು ತನ್ನ ದನಿಯಲ್ಲೇ ಮುದ್ರಿಸಿ ಕಳಿಸಿದಳು. ತೀರ್ಪಿನ ತಾರೀಖು ಹೇಳಿದಳು, ಗುಬ್ಬಿಯ ಕತೆ ಹೇಳಿದಳು, ಮೇಲಿನ ಕೋರ್ಟಿಗೆ ಹೋದರೆ ಮಗು ನನಗೆ ಉಳಿಯುತ್ತದೆಯೇ ಎಂದು ಕೇಳಿದಳು. ನಿಮ್ಮ ಪ್ರಶ್ನೆ ತಲುಪಿದೆ, ವಕೀಲಣ್ಣ ಖಂಡಿತ ಉತ್ತರಿಸುತ್ತಾರೆ ಎಂದು ಫೋನಿಗೆ ಆ ಕ್ಷಣವೇ ಸಂದೇಶ ಬಂತು. ಕಳಿಸಿದ್ದು ಯಂತ್ರ. ಅವಳು ಅದಕ್ಕೆ ಕೈಮುಗಿದಳು.

ಅಲ್ಲಿಂದ ಕಾಯುವುದು ಶುರುವಾಯಿತು. ಹೊಸ ಕಂತು ಬಂದ ದಿನ ಹುಡುಗಿ ಶಾಲೆಯಿಂದ ನೇರ ಲಾಂಡ್ರಿಗೆ ಬರುತ್ತಿದ್ದಳು. ವಕೀಲಣ್ಣ ಏನಂದ್ರು ಎಂದು ಕೇಳುತ್ತಿದ್ದಳು.

"ಉತ್ತರ ಬರಲಿ ಗುಬ್ಬಿ. ಆಮೇಲೆ ನಿನ್ನ ಯಾರು ಮುಟ್ತಾರೋ ನಾನೂ ನೋಡ್ತೀನಿ."

ಬರಲಿಲ್ಲ. ಇವತ್ತು ಬೆಳಗ್ಗೆ ಕಾಫಿ ಕುಡಿಯುವಾಗ ಹೀಗೊಂದು ಯೋಚನೆ ಬಂತು ಎಂದು ವಕೀಲಣ್ಣ ಮಾತು ಶುರು ಮಾಡುತ್ತಿದ್ದ. ಅದು ಅದೇ ದಿನದ ಬೆಳಗ್ಗೆ ಎಂದು ಅವಳು ನಂಬಿದಳು. ಈ ವಾರ ಮನೆ ಬಾಡಿಗೆಯವರ ಸರದಿ, ಬರುವ ವಾರ ನಮ್ಮದು ಎಂದುಕೊಂಡಳು. ನಿಜವೇನೆಂದರೆ ಆ ಪುಣ್ಯಾತ್ಮ ಒಂದು ರಾಶಿ ಕಂತುಗಳನ್ನು ಒಂದೇ ಬಾರಿಗೆ ಮಾತಾಡಿಟ್ಟು ಸಂಸಾರ ಕಟ್ಟಿಕೊಂಡು ಸಮುದ್ರ ನೋಡಲು ಹೋಗಿದ್ದ. ಅವನ ಬೆಳಗ್ಗೆಗಳೆಲ್ಲ ಎಂದೋ ಹಳಸಿದ್ದವು.

ತಿರುಗಿ ಬಂದ ಮೇಲೆ ಉತ್ತರಿಸಿದ. ಅವಳ ದನಿಯನ್ನು ಕೇಳಿಸಿ, ನಡುವೆ ಹಾಸಿಗೆಯ ಜಾಹೀರಾತು ಹಾಕಿ, ಆಮೇಲೆ ಹೇಳಿದ: "ಅಕ್ಕ, ನಿಮ್ಮ ಕೇಸು ಚೆನ್ನಾಗಿದೆ. ಆದ್ರೆ ಇಂಥದ್ದಕ್ಕೆ ಗಡುವು ಇರುತ್ತೆ. ದಯವಿಟ್ಟು ಅದು ಮೀರೋಕೆ ಬಿಡಬೇಡಿ."

ಅವಳು ಆಗ ಒಂದು ಕೋಟು ಒತ್ತುತ್ತಿದ್ದಳು. ಕೋಟು ಸುಡಲಿಲ್ಲ, ಸುಡುವುದು ಕತೆಗಳಲ್ಲಿ. ತೋಳಿನ ಗೆರೆ ಕೂರಿಸಿ, ಹ್ಯಾಂಗರಿಗೆ ಹಾಕಿ, ಅದೇ ಕೋಟಿನ ವಕೀಲ ಬಂದಾಗ ಮೊದಲ ಸಲ ಬಾಯಿಬಿಟ್ಟು ಕೇಳಿದಳು. ಅವನು ತಾರೀಖು ಕೇಳಿ ತಲೆ ಅಲ್ಲಾಡಿಸಿದ. ಗಡುವು ಯಾವಾಗಲೋ ಮುಗಿದಿತ್ತು. ಇಷ್ಟು ದಿನ ನನ್ನ ಕೋಟು ಒತ್ತಿ ಕೊಟ್ಟಿದ್ದೀಯ, ಒಂದು ಮಾತು ಕೇಳಬಾರದಿತ್ತೇ ಎಂದು ಅವನೇ ಬೈದ.

ತಡವನ್ನು ಮನ್ನಿಸಿ ಎಂದು ಅರ್ಜಿ ಹಾಕಬಹುದಿತ್ತು. ಸರ್ಕಾರ ಕೊಟ್ಟ ವಕೀಲ ಈಗ ಚುರುಕಾದ. ಜ್ವರ ಬಂದು ಮಲಗಿದ್ದೆ ಎಂದು ಬರೆಯೋಣ, ಡಾಕ್ಟರ ಚೀಟಿ ತರುವುದು ನನಗೆ ಬಿಡು ಎಂದ. ಅವಳು ಒಪ್ಪಲಿಲ್ಲ. ನ್ಯಾಯಾಧೀಶರ ಮುಂದೆ ಸುಳ್ಳು ಹೇಳಿದವನು ಕೇಸಿನ ಜೊತೆ ಮಾನವನ್ನೂ ಕಳೆದುಕೊಳ್ಳುತ್ತಾನೆ ಎಂದು ವಕೀಲಣ್ಣ ಒಂದು ಇಡೀ ಕಂತು ಮಾಡಿದ್ದ. ಅದನ್ನು ಅವಳು ಕಣ್ಣಲ್ಲಿ ನೀರು ತಂದುಕೊಂಡು ಕೇಳಿದ್ದಳು. ನಿನ್ನ ಹಣೆಬರಹ ಎಂದು ವಕೀಲ, ಸಕಾಲದಲ್ಲಿ ತಿಳಿಯಲಿಲ್ಲ ಎಂದಷ್ಟೇ ಬರೆದು ಅರ್ಜಿ ಹಾಕಿದ.

ನ್ಯಾಯಾಧೀಶರಿಗೆ ಅಷ್ಟು ಸಾಕಾಗಲಿಲ್ಲ. ಅವಳನ್ನೇ ಕೇಳಿದರು.

"ಯಾಕಮ್ಮ ತಡ ಆಯ್ತು?"

"ವಕೀಲಣ್ಣ ಉತ್ತರ ಕೊಡ್ತೀನಿ ಅಂದಿದ್ರು ಸ್ವಾಮಿ. ಕಾಯ್ತಿದ್ದೆ."

"ಯಾವ ವಕೀಲರು?"

"ಫೋನಲ್ಲಿ ಬರ್ತಾರಲ್ಲ, ಅವರು."

ಮೊದಲು ಹಿಂದಿನ ಬೆಂಚು ನಕ್ಕಿತು, ಆಮೇಲೆ ಮುಂದಿನದು. ನಗುವಾಗ ಕುಲುಕಿದ ಕೋಟುಗಳಲ್ಲಿ ಹಲವು ಅವಳೇ ಒತ್ತಿದವು. ನ್ಯಾಯಾಧೀಶರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ನಮ್ಮ ಮನೇಲೂ ಕೇಳ್ತಾರಮ್ಮ, ತರಕಾರಿ ಹೆಚ್ಚೋವಾಗ," ಎಂದರು. ಮತ್ತೆ ನಗು. ನಗು ನಿಂತ ಮೇಲೆ, ಹೇಳಿದ ಕಾರಣ ಸಮಂಜಸವಲ್ಲ ಎಂದು ಆದೇಶ ಬರೆಸಿದರು. ಸುಳ್ಳು ಜ್ವರಕ್ಕೆ ಸಿಗಬಹುದಾಗಿದ್ದ ಮಾಫಿ ನಿಜಕ್ಕೆ ಸಿಗಲಿಲ್ಲ. ಶಾಲೆಗೆ ರಜೆ ಕೊಟ್ಟ ದಿನ ತಂದೆಯ ಕಾರು ಬಂತು. ಹುಡುಗಿ ಇಸ್ತ್ರಿ ಮೇಜಿನ ಕಾಲು ಹಿಡಿದುಕೊಂಡಳು. ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ್ದು ಅವಳ ದೊಡ್ಡಮ್ಮನೇ. ಕೋರ್ಟಿನ ಆದೇಶ ಮೀರಬಾರದು ಎಂದೂ ವಕೀಲಣ್ಣನೇ ಕಲಿಸಿದ್ದ.

ಇಲ್ಲಿಗೆ ಮುಗಿದಿದ್ದರೆ ನಾನು ಬರೆಯುತ್ತಿರಲಿಲ್ಲ.

ಕೋರ್ಟಿನ ನಗು ಕಿವಿಯಿಂದ ಕಿವಿಗೆ ಹೋಗಿ ವಕೀಲಣ್ಣನನ್ನೂ ಮುಟ್ಟಿತು. ಅವನು ಅದನ್ನೇ ಒಂದು ಕಂತು ಮಾಡಿದ. ಅಭಿಮಾನ ಅಂದ್ರೆ ಇದು ಎಂದು ಶುರುಮಾಡಿ, ಅವಳ ಹಳೆಯ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿಸಿದ, ಕೋರ್ಟಿನಲ್ಲಿ ನಡೆದದ್ದನ್ನು ಮಿಮಿಕ್ರಿ ಮಾಡಿದ. ಹೆಸರು ಹೇಳಲಿಲ್ಲ, ಧರ್ಮಾತ್ಮ. ಅವನ ಕಂತುಗಳಲ್ಲೆಲ್ಲ ಜನ ಅತಿ ಹೆಚ್ಚು ಕೇಳಿದ್ದು ಅದನ್ನೇ. ಮಡಚುವ ಹೆಂಗಸು ಮಾತ್ರ ಅರ್ಧಕ್ಕೇ ನಿಲ್ಲಿಸಿದಳು. ಆ ದಿನದಿಂದ ಲಾಯರಮ್ಮ ಎಂದು ಕರೆದಿಲ್ಲ, ಉಪ್ಪಿನಕಾಯಿಗೂ ಕೈ ಹಾಕಿಲ್ಲ.

ಮಾರನೆಯ ವಾರ ಲಾಂಡ್ರಿಗೆ ಫೋನು ಬಂತು. ಹುಡುಗಿ ಯಾರದೋ ಫೋನು ಕದ್ದು ಮಾಡಿದ್ದಳು, ಪಿಸುದನಿ.

"ದೊಡ್ಡಮ್ಮ, ಕಾರಲ್ಲಿ ವಕೀಲಣ್ಣನ್ನ ಹಾಕಿದ್ರು. ಎಲ್ರೂ ನಗ್ತಿದ್ರು, ನಾನೂ ನಕ್ಕೆ. ಆಮೇಲೆ ಗೊತ್ತಾಯ್ತು ಅದು ನಿನ್ನ ದನಿ ಅಂತ. ಉತ್ತರ ಬಂತಲ್ಲ. ಯಾವಾಗ ಬರ್ತೀಯ?"

ಅವಳು ಏನು ಹೇಳಿದಳೆಂದು ನಾನು ಕೇಳಿಲ್ಲ. ಆ ಕಂತಿಗೆ ನಾನೂ ನಕ್ಕಿದ್ದೆ, ಕೇಳುವ ಮುಖ ನನಗಿಲ್ಲ.

ಆ ಕಂತು ಇನ್ನೂ ಇದೆ. ನೀವೂ ಕೇಳಿದ್ದೀರಿ, ಬಸ್ಸಿನಲ್ಲಿ ಕೂತು ನಕ್ಕಿದ್ದೀರಿ, ನೆಂಟರಿಗೆ ಕಳಿಸಿದ್ದೀರಿ. ನಿಮ್ಮ ಕೈಯಲ್ಲಿರುವ ಅದೇ ಫೋನಿನಲ್ಲಿ ಈಗಲೇ ಅವನಿಗೆ ಬರೆಯಿರಿ: ಆ ಕಂತನ್ನು ಅಳಿಸು, ಇನ್ನು ಮುಂದೆ ಪ್ರತಿ ಕಂತಿನಲ್ಲೂ, ಹಾಸಿಗೆ ಮಾರುವ ಮೊದಲು, ಇದನ್ನು ಯಾವ ದಿನ ಮಾತಾಡಿದ್ದು ಎಂದು ಹೇಳು, ನನಗಾಗಿ ಕಾಯಬೇಡಿ ಎಂದು ಹೇಳು. ಅವನು ಹೇಳುವವರೆಗೂ ಬರೆಯುತ್ತಲೇ ಇರಿ.