ಹಮ್ಮಬ್ಬನ ಅಂಗೈ

ಕತಾರಿನ ಮರುಭೂಮಿಯಲ್ಲಿ ಅರಬಿ ಧಣಿಯ ಬೇಟೆಗಿಡುಗಗಳನ್ನು ನೋಡಿಕೊಳ್ಳುವ ಉಳ್ಳಾಲದ ಹಮ್ಮಬ್ಬನಿಗೆ ಚಳಿಗಾಲವಿಡೀ ಕೈಗಳದೇ ಚಿಂತೆ. ಬೆಳಗಿನ ನಮಾಝ್ ಮುಗಿದದ್ದೇ ತಡ, ಅಂಗೈಗಳನ್ನು ಸುಲೈಮಾನಿ ಚಹಾದ ಬಿಸಿ ಗ್ಲಾಸಿಗೆ ಒತ್ತುವನು, ಗಾಡಿಯ ಬಾನೆಟ್ಟಿಗೆ ಒತ್ತುವನು, ಕಡೆಗೆ ಕಂಕುಳಲ್ಲಿ ಸಿಕ್ಕಿಸಿಕೊಂಡು ಕೂರುವನು. “ತಣ್ಣಗಿನ ಕೈಯಲ್ಲಿ ಮುಟ್ಟಿದ್ರೆ ಹಕ್ಕಿ ಬೆಚ್ಚಿ ಬೀಳ್ತದೆ ಮಾರಾಯಾ, ಮತ್ತೆ ಬೇಟೆ ಖಲಾಸ್!” ಎಂದು ಅಡುಗೆಯವನಿಗೆ ದಿನಾ ಪಾಠ. ಆ ಕೈಯಲ್ಲಿ ಮೊಟ್ಟೆಯಿಟ್ಟರೆ ಮರಿಯಾದೀತೆಂದು ಶಿಬಿರದವರು ನಗುತ್ತಿದ್ದರು. ರಜೆಯಲ್ಲಿ ಊರಿಗೆ ಹೋದಾಗ ಹೆಂಡತಿ ಅವ್ವಮ್ಮನ ಕೈ ಹಿಡಿಯುವ ಮುನ್ನವೂ ಅಂಗೈ ಉಜ್ಜಿಕೊಳ್ಳುತ್ತಿದ್ದನಂತೆ. ತೊಂಬತ್ತನಾಲ್ಕರ ಜನವರಿಯ ಒಂದು ಮುಂಜಾನೆ, ದೋಹಾದಿಂದ ನೀರು ತಂದ ಡ್ರೈವರ್ ತಲೆ ತಗ್ಗಿಸಿ, ಅವ್ವಮ್ಮನ ದಫನವಾಗಿ ಮೂರು ದಿನವಾಯಿತೆಂದ. ದುವಾಕ್ಕೆಂದು ಎತ್ತಿದ ಕೈಗಳನ್ನು ಹಮ್ಮಬ್ಬ ಬೆರಳು ಮರಗಟ್ಟುವವರೆಗೂ ಇಳಿಸಲಿಲ್ಲ. ಆಮೇಲೆ ಕಾಯಿಸಿಕೊಳ್ಳದೆ, ಹಾಗೆಯೇ ಹೋಗಿ ಗಿಡುಗವನ್ನೆತ್ತಿಕೊಂಡ. ಹಕ್ಕಿ ಬೆಚ್ಚಲೇ ಇಲ್ಲ.