ವಿಮಾನ ಕಂಪನಿಯ ಮರಿಲಿಂಗಮ್ಮ

ನಮ್ಮ ಕಡೆಯ ವಿಮಾನ ಕಂಪನಿಗಳ ಆಯುಷ್ಯ ಎಷ್ಟು ಎಂಬುದು ನನಗೆ ಮೊದಲಿನಿಂದಲೂ ಗೊತ್ತಿತ್ತು. ನಿಜಾಮರ ಕಾಲದ ಡೆಕ್ಕನ್ ಏರ್‌ವೇಸ್ ಬಗ್ಗೆ ನಮ್ಮಪ್ಪ ಬಾಯಿತುಂಬ ಹೇಳುತ್ತಿದ್ದ. ಅದು ಸರ್ಕಾರಿ ಕಂಪನಿಯೊಳಗೆ ಸೇರಿ ಹೆಸರಿಲ್ಲದಂತಾಯಿತು. ಆಮೇಲೆ ಬಂದವುಗಳಲ್ಲಿ ಎಷ್ಟೋ ಪೇಪರಿನಲ್ಲಿ ದೊಡ್ಡ ಫೋಟೊ ಹಾಕಿಸಿಕೊಂಡು ನಾಲ್ಕು ದಿನ ಹಾರಿ ಬಾಗಿಲು ಹಾಕಿದವು. ಇಷ್ಟೆಲ್ಲ ಗೊತ್ತಿದ್ದೂ, ಭೀಮಾ ಏರ್ ಎಂಬ ಹೊಸ ಕಂಪನಿಯಲ್ಲಿ ಮರಿಲಿಂಗಮ್ಮನಿಗೆ ನೌಕರಿ ಸಿಕ್ಕಾಗ ಸಗರದಲ್ಲಿ ಮನೆಮನೆಗೆ ಪೇಡೆ ಹಂಚಿದವನು ನಾನೇ, ಅವಳಿಗೆ ಪಾಠ ಹೇಳಿದ ಶಾಂತಪ್ಪ ಮಾಸ್ತರ. ಹೆಮ್ಮೆ ಅವಳಿಗಿಂತ ನನಗೇ ಹೆಚ್ಚಿತ್ತು.

ತಾಯಿ ಸತ್ತಾಗ ಅವಳಿಗೆ ಮೂರು ವರ್ಷ. ತಾಯಿಯ ತಂಗಿ, ಅವಳ ಚಿಗವ್ವ ಅಯ್ಯಮ್ಮ ಸಾಕಿದಳು. ಕಾಲುವೆಗೆ ನೀರು ಬಿಟ್ಟ ಮೇಲೆ ನಮ್ಮ ಸುತ್ತಮುತ್ತ ಹತ್ತಿ, ಮೆಣಸಿನಕಾಯಿ ಹೆಚ್ಚಾಗಿ ಹೆಂಗಸರಿಗೆ ವರ್ಷಪೂರ್ತಿ ಕೆಲಸ ಸಿಗುತ್ತಿತ್ತು. ಅಯ್ಯಮ್ಮ ಕಳೆ ತೆಗೆದು, ಹತ್ತಿ ಬಿಡಿಸಿ ಈ ಹುಡುಗಿಯನ್ನು ಯಾದಗಿರಿಯ ಕಾಲೇಜಿನವರೆಗೆ ಓದಿಸಿದಳು. ಸ್ವಂತ ಮಕ್ಕಳಿಲ್ಲದ ಅವಳಿಗೂ ಗಂಡ ಖಂಡಪ್ಪನಿಗೂ ಮರಿಲಿಂಗಿಯೇ ಸರ್ವಸ್ವ.

ಕಲಬುರಗಿಗೆ ಹೊರಟ ದಿನ ನಾನು ಅವಳಿಗೆ ಬುದ್ಧಿ ಹೇಳಿದೆ. "ಅಲ್ಲಿ ನಮ್ಮ ಮಾತು ಆಡಬ್ಯಾಡ. ಹಿಂದಿ, ಇಂಗ್ಲಿಷ್ ಅಷ್ಟೇ. ಎಲ್ಲಿಂದ ಬಂದಿ ಅಂತ ಯಾರಿಗೂ ತಿಳೀಬಾರದು." ಎಂಥ ಮಾಸ್ತರನಪ್ಪ ನಾನು! ಅವಳು ಎಂದಿನಂತೆ ನನ್ನ ಮಾತನ್ನು ಚಾಚೂ ತಪ್ಪದೆ ಪಾಲಿಸಿದಳು. ಎದೆಯ ಮೇಲಿನ ಬಿಲ್ಲೆಯಲ್ಲಿ 'ಲೀನಾ' ಎಂದು ಬರೆಸಿಕೊಂಡಳು.

ಎರಡನೇ ವರ್ಷ ಊರಿನ ಹಂಪಣ್ಣ ಸಾಹುಕಾರನಿಗೆ ಮೆಣಸಿನಕಾಯಿ ಭರ್ಜರಿಯಾಗಿ ಬಂತು. ಹೊಲದಲ್ಲಿ ದುಡಿದ ಹತ್ತು ಹೆಂಗಸರನ್ನು ವಿಮಾನದಲ್ಲಿ ತಿರುಪತಿಗೆ ಕರೆದೊಯ್ಯುತ್ತೇನೆಂದ, ಕರೆದೊಯ್ದ. ಅಯ್ಯಮ್ಮ ಅವರಲ್ಲೊಬ್ಬಳು. ದೂರ ಹೊರಟ ಮುತ್ತೈದೆಯರೆಂದು ಓಣಿಯವರು ಹತ್ತೂ ಜನರಿಗೆ ಉಡಿ ತುಂಬಿದರು: ಅಕ್ಕಿ, ಉತ್ತತ್ತಿ, ಅರಿಷಿಣ ಕೊಂಬು, ಅಡಿಕೆ, ಒಣಕೊಬ್ಬರಿ ಬಟ್ಟಲು. ತುಂಬಿದ ಉಡಿಯನ್ನು ಸೆರಗಿನಲ್ಲಿ ಗಂಟುಹಾಕಿಕೊಂಡು ಹೋಗಿ, ತಿರುಗಿ ಬಂದು ಮನೆಯ ದೇವರ ಮುಂದೆಯೇ ಬಿಚ್ಚಬೇಕು. ಒಣಕೊಬ್ಬರಿಯಲ್ಲಿ ಎಣ್ಣೆ ಹೆಚ್ಚು, ಬೆಂಕಿಯ ಭಯ, ವಿಮಾನದಲ್ಲಿ ಒಯ್ಯುವಂತಿಲ್ಲ ಎಂಬುದು ಆ ಓಣಿಯಲ್ಲಿ ಯಾರಿಗೆ ಗೊತ್ತಿರಬೇಕು?

ಮುಂದಿನದನ್ನು ಮರಿಲಿಂಗಮ್ಮನೇ ಒಂದು ವರ್ಷದ ಮೇಲೆ ನನಗೆ ಹೇಳಿದ್ದು. ಕಲಬುರಗಿಯ ನಿಲ್ದಾಣದಲ್ಲಿ ಅವಳು ಕೌಂಟರಿನ ಹಿಂದೆ ನಿಂತಿದ್ದಳು. ಹತ್ತು ಜನ ಸಾಲಾಗಿ ಬಂದರು. ಅಯ್ಯಮ್ಮನ ಮುಖ ಅರಳಿತು.

"ಮರಿಲಿಂಗೀ! ಏ ನೋಡ್ರೆ, ನಮ್ಮ ಮರಿಲಿಂಗಿ ನಿಂತಾಳ!"

ಪಕ್ಕದ ಕೌಂಟರಿನ ಆಮೀನಾ ಕೇಳಿದಳು, "ಲೀನಾ, ಆಕಿ ನಿನಗೇ ಕರ್ಯಾಕತ್ತಾಳಲ್ಲ, ನಿಮ್ಮಾಕೇನು?"

ಮರಿಲಿಂಗಮ್ಮ ಹಿಂದಿಯಲ್ಲಿ, ಎಲ್ಲರಿಗೂ ಕೇಳುವಂತೆ, ಅಲ್ಲ, ಯಾರೋ ಏನೋ, ನನಗೆ ಗೊತ್ತಿಲ್ಲ ಎಂದಳು.

ನಮ್ಮ ಕಡೆ ಹಿಂದಿ ಯಾರಿಗೆ ಬರುವುದಿಲ್ಲ? ಅಯ್ಯಮ್ಮನಿಗೆ ಪೂರ್ತಿ ತಿಳಿಯಿತು. ಆಮೀನಾಳ ಕಡೆ ತಿರುಗಿ ಹೇಳಿದಳು, "ತಪ್ಪಾತ್ರಿ ಮೇಡಂ. ನಮ್ಮ ಹುಡುಗಿ ಹಂಗ ಕಂಡ್ರು, ಅದಕ ಕರೆದೆ."

ಆಮೇಲೆ ಕೊಬ್ಬರಿಯ ಮಾತು ಬಂತು. ತೆಗೆಯಬೇಕೆಂದು ಮರಿಲಿಂಗಮ್ಮ ಹಿಂದಿಯಲ್ಲೇ ಹೇಳಿದಳು. "ಉಡಿ ನಡುದಾರ್ಯಾಗ ಬಿಚ್ಚಬಾರದ್ರಿ," ಎಂದು ಆ ಹತ್ತರಲ್ಲೊಬ್ಬಳಾದ ಮಾನಮ್ಮ ಸೆರಗು ಬಿಗಿಹಿಡಿದಳು. ಮೊದಲು ಗಂಟು ಬಿಚ್ಚಿದವಳು ಅಯ್ಯಮ್ಮ.

"ಬಿಚ್ಚ್ರೆ ಎಲ್ಲಾರು. ಪಾಪ, ಆ ಮೇಡಂ ನೌಕರಿ ಮಾಡಾಕತ್ತಾರ."

ಹತ್ತು ಕೊಬ್ಬರಿ ಬಟ್ಟಲು ಪ್ಲಾಸ್ಟಿಕ್ ಬುಟ್ಟಿಗೆ ಬಿದ್ದವು. ನಿಯಮ ನಿಯಮವೇ, ಅದಕ್ಕೆ ನನ್ನ ತಕರಾರಿಲ್ಲ. ಆದರೆ 'ಚಿಗವ್ವಾ, ಕೊಡು, ನಾ ಜ್ವಾಕಿ ಮಾಡಿ ಇಟ್ಟಿರ್ತೀನಿ' ಎನ್ನಲು ಎಷ್ಟು ಹೊತ್ತು ಬೇಕಿತ್ತು? ಆ ಮಾತನ್ನು ಅವಳ ಬಾಯಿಂದ ಕಿತ್ತುಕೊಂಡವನು ನಾನು.

ತಿರುಪತಿಯಿಂದ ಬಂದ ಮೇಲೆ ಆ ಹತ್ತು ಜನ ಊರಿಗೆ ಹೇಳಿದ್ದೇ ಬೇರೆ. ಮರಿಲಿಂಗಿ ಓಡಿಬಂದು ಅಪ್ಪಿಕೊಂಡಳಂತೆ, ಸಾಹೇಬರಿಗೆಲ್ಲ ಚಿಗವ್ವನ ಗುರುತು ಹೇಳಿದಳಂತೆ, ಕೈಹಿಡಿದು ಮೆಟ್ಟಿಲು ಹತ್ತಿಸಿದಳಂತೆ. ಖಂಡಪ್ಪ ಅದನ್ನು ಚಹಾದಂಗಡಿಯಲ್ಲಿ ದಿನಕ್ಕೆರಡು ಸಲ ಹೇಳುತ್ತಿದ್ದ. ಶಾಲೆಯ ಸಭೆಗೆ ನನ್ನನ್ನು ಕರೆದಾಗ ನಾನೂ ಅದನ್ನೇ ಹೇಳಿ ಚಪ್ಪಾಳೆ ಹೊಡೆಸಿಕೊಂಡೆ.

ಮರುವರ್ಷ ಭೀಮಾ ಏರ್ ಮುಚ್ಚಿತು. ಇವತ್ತಿನಿಂದ ಬರಬೇಡಿ ಎಂದು ಮೊಬೈಲಿಗೆ ಒಂದು ಸಾಲು ಬಂತು, ಮುಗಿಯಿತು. ನೌಕರಿ ಹೋದ ದುಃಖಕ್ಕಿಂತ ಊರಿಗೆ ಯಾವ ಮುಖ ಹೊತ್ತು ಹೋಗಲಿ ಎಂಬ ಸಂಕಟವೇ ಮರಿಲಿಂಗಮ್ಮನಿಗೆ ದೊಡ್ಡದಾಯಿತು. ಬಂದು ನೋಡಿದರೆ, ಓಣಿಯೆಲ್ಲ ಅವಳನ್ನು ಹೊಗಳುವುದೇ ಹೊಗಳುವುದು. ಮೂರನೇ ದಿನ ನನ್ನ ಮನೆಗೆ ಬಂದು ಎಲ್ಲ ಹೇಳಿ ಅತ್ತಳು.

"ಒಬ್ಬಾಕಿ ಆದ್ರೂ ಬೈಬೇಕಿತ್ತು ಸರ್. ಯಾರೂ ಬೈವಲ್ರು."

ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ. ಆದರೂ ಮಾಸ್ತರಿಕೆ ಬಿಡಬೇಕಲ್ಲ! "ಎಲ್ಲಾರ ಮುಂದ ಖರೇ ಹೇಳಿಬಿಡು. ಹಗುರಾಗ್ತಿ," ಎಂದೆ.

ಅದನ್ನೂ ಪಾಲಿಸಿದಳು. ಮರುದಿನ ಸಂಜೆ, ಗಂಡಸರೂ ಹೆಂಗಸರೂ ಕಟ್ಟೆಯ ಹತ್ತಿರ ಸೇರಿದ್ದಾಗ, ನಿಂತು ಹೇಳಿದಳು. ಚಿಗವ್ವ ಹೇಳಿದ್ದು ಸುಳ್ಳು, ಅವಳು ಕರೆದಾಗ ನಾನು ಗೊತ್ತಿಲ್ಲ ಎಂದೆ, ಉಡಿ ಬಿಚ್ಚಿಸಿದೆ. ಬುದ್ಧಿ ಹೇಳಿದ ಮಾಸ್ತರ ನಾನೂ ಆ ಕಟ್ಟೆಯ ಮೇಲೇ ಕುಳಿತಿದ್ದೆ.

ಮಾನಮ್ಮ, "ನಾವೂ ಅಲ್ಲೇ ಇದ್ದೆವಲ್ಲವಾ, ನಮಗ ಗೊತ್ತಿಲ್ಲೇನು?" ಎಂದಳು.

ಗೊತ್ತಿಲ್ಲದವನು ಖಂಡಪ್ಪ. ಅವನು ಕೈಯಲ್ಲಿದ್ದ ಚಹಾ ಕೆಳಗಿಟ್ಟ. ಒಂದು ವರ್ಷ ಅವನ ಮಾತು ಕೇಳಿದ ಗೆಳೆಯರೆಲ್ಲ ಅಲ್ಲೇ ಕುಳಿತಿದ್ದರು. ಯಾರ ಮುಖವನ್ನೂ ನೋಡದೆ ಎದ್ದು ಮನೆಯ ಕಡೆ ನಡೆದ. ಅಯ್ಯಮ್ಮ ಗಂಡನ ಹಿಂದೆ ನಾಲ್ಕು ಹೆಜ್ಜೆ ಹೋದವಳು ತಿರುಗಿ ನಿಂತಳು. ಬೈಯಲಿಲ್ಲ, ದನಿಯನ್ನೂ ಏರಿಸಲಿಲ್ಲ.

"ಅಲ್ಲಿ ಅಂದಿದ್ದು ನನಗಷ್ಟೇ ಹತ್ತಿತ್ತವಾ, ನುಂಗಿಕೊಂಡಿದ್ದೆ," ಎಂದಳು. "ಇಲ್ಲಿ ಯಾಕ ಅಂದಿ?"

ಮರಿಲಿಂಗಮ್ಮ ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ.