ಮಜ್ಜಿಗೆಗೆ ಹೋದ ಐಸು

ಶುಂಠಿ, ಕರಿಬೇವು ಜಜ್ಜಿ ಹಾಕಿದ ನೀರುಮಜ್ಜಿಗೆಯ ವಾಸನೆ ಬಂದರೆ ಸಾಕು, ಬಿಸಿಲಲ್ಲಿ ಬಂದ ಯಾರಿಗಾದರೂ ಜೀವ ತಂಪಾಗುತ್ತದೆ. ನನಗೆ ಮಾತ್ರ ಕಿವಿ ಬಿಸಿಯಾಗುತ್ತದೆ. ಹೋದ ಶನಿವಾರ ಮದ್ದೂರಿನಲ್ಲಿ ನಮ್ಮ ಆರೋಗ್ಯ ಸಿಬ್ಬಂದಿ ಸಂಘದ ಶಾಖೆಯವರು ನನಗೊಂದು ನಿವೃತ್ತಿಯ ಬೀಳ್ಕೊಡುಗೆ ಇಟ್ಟುಕೊಂಡಿದ್ದರು. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯೊಬ್ಬಳು ಬಾಗಿಲಲ್ಲೇ ಲೋಟ ಮುಂದೆ ಹಿಡಿದಳು. ಬೇಡವೆಂದೆ. "ಶೀತ ಆಗಿದ್ಯಾ ಸಾರ್?" ಅಂದಳು. ಹೂಂ ಅಂದುಬಿಟ್ಟೆ. ಮೂವತ್ತು ವರ್ಷಕ್ಕೂ ಮೇಲೆ ಊರೂರಿಗೆ ಬುದ್ಧಿ ಹೇಳಿದವನು ಎಷ್ಟು ಸಲೀಸಾಗಿ ಸುಳ್ಳು ಹೇಳುತ್ತೇನೆ ನೋಡಿ.

ನಮ್ಮ ಶಾಖೆ ಅಂದರೆ ಏನೋ ದೊಡ್ಡದು ಅಂದುಕೊಳ್ಳಬೇಡಿ. ಹಳ್ಳಿಯ ಬಾವಿಗೆ ಬ್ಲೀಚಿಂಗ್ ಪುಡಿ ಹಾಕುವವರು, ಜ್ವರ ಬಂದವರ ಬೆರಳು ಚುಚ್ಚಿ ರಕ್ತ ತೆಗೆಯುವವರು, ಲಸಿಕೆ ಹಾಕುವ ಸಿಸ್ಟರುಗಳು, ಎಲ್ಲ ಸೇರಿ ಮಾಡಿಕೊಂಡ ಕೂಟ. ತಿಂಗಳಿಗೊಂದು ಸಭೆ. ವರ್ಗಾವಣೆಯ ಗೋಳು ಅರ್ಧ ಗಂಟೆ, ಉಳಿದದ್ದೆಲ್ಲ ಹರಟೆ. ಎಣ್ಣೆ ಕಡಿಮೆ ಮಾಡಿ ಎಂದು ಊರಿಗೆಲ್ಲ ಹೇಳುವ ನಾವು, ತಟ್ಟೆಗೆ ಬಂದ ವಡೆ ತಣ್ಣಗಾಗುವುದನ್ನು ಮಾತ್ರ ಸಹಿಸುತ್ತಿರಲಿಲ್ಲ.

ಒಂದು ವರ್ಷ ನಾನು ಕಾರ್ಯದರ್ಶಿಯಾಗಿದ್ದೆ. ಹೊಸ ಹುರುಪು. ವಾರ್ಷಿಕ ಸಭೆ ಏಪ್ರಿಲ್ಲಿನಲ್ಲಿ, ಬುಧವಾರ ಬಿತ್ತು. ಆ ಬಿಸಿಲು ಮಂಡ್ಯದ ಕಡೆಯವರಿಗೆ ಹೇಳಬೇಕಾಗಿಲ್ಲ. ಹಂಡೆಯಲ್ಲಿದ್ದ ಮಜ್ಜಿಗೆ ಆಗಲೇ ಬೆಚ್ಚಗಾಗಿತ್ತು. ಆಗ ನನ್ನ ತಲೆಗೆ ಆ ಉಪಾಯ ಹೊಳೆಯಿತು. ನಮ್ಮ ಆಸ್ಪತ್ರೆಯ ಫ್ರೀಜರಿನಲ್ಲಿ ಐಸ್ ಪ್ಯಾಕ್ ಇರುತ್ತಿದ್ದವು, ನೀರು ತುಂಬಿ ಗಟ್ಟಿ ಮಾಡಿದ ಚಪ್ಪಟೆ ಪ್ಲಾಸ್ಟಿಕ್ ಡಬ್ಬಗಳು. ಲಸಿಕೆ ಒಯ್ಯುವ ಪೆಟ್ಟಿಗೆಯ ನಾಲ್ಕೂ ಬದಿಗೆ ಅವನ್ನು ನಿಲ್ಲಿಸಿ, ನಡುವೆ ಲಸಿಕೆ ಇಡುತ್ತೇವೆ. ಬೈಕಿನಲ್ಲಿ ಹೋಗಿ ಇದ್ದಬದ್ದ ಪ್ಯಾಕನ್ನೆಲ್ಲ ತಂದು, ತೊಳೆದು (ತೊಳೆದೇ ಹಾಕಿದ್ದು, ನಂಬಿ) ಹಂಡೆಗೆ ಇಳಿಬಿಟ್ಟೆ. ಮಜ್ಜಿಗೆ ಹಲ್ಲು ಜುಮ್ಮೆನ್ನುವಷ್ಟು ತಣ್ಣಗಾಯಿತು. ಕಾರ್ಯದರ್ಶಿ ಅಂದರೆ ಹೀಗಿರಬೇಕು ಎಂದು ಯಾರೋ ಬೆನ್ನು ತಟ್ಟಿದರು. ನಾನೂ ಉಬ್ಬಿಹೋದೆ.

ಸಂಜೆ ಪ್ಯಾಕುಗಳನ್ನು ವಾಪಸ್ ಫ್ರೀಜರಿಗೆ ಹಾಕಿದೆ. ಅವು ಮತ್ತೆ ಗಟ್ಟಿಯಾಗಲು ಪೂರಾ ಒಂದು ದಿನ ಬೇಕು. ಮಾರನೆ ದಿನ ಗುರುವಾರ, ಲಸಿಕೆಯ ದಿನ. ಇದು ಗೊತ್ತಿಲ್ಲದವನೇನಲ್ಲ ನಾನು. ಇದನ್ನೇ ಬೇರೆಯವರಿಗೆ ಪಾಠ ಮಾಡಿದವನು. ಹೊಗಳಿಕೆ ತಲೆಗೇರಿ ಮರೆತೆ, ಅಷ್ಟೆ. ಬೆಳಿಗ್ಗೆ ನೋಡಿದರೆ ಅಂಚಿನಲ್ಲಿ ಮಾತ್ರ ಐಸು, ಒಳಗೆಲ್ಲ ನೀರು. ಹೇಗೋ ನಡೆದುಹೋಗುತ್ತದೆ ಎಂದು ಅವನ್ನೇ ಪೆಟ್ಟಿಗೆಗೆ ತುಂಬಿಕೊಂಡು, ನಮ್ಮ ತಾಲ್ಲೂಕಿನದೇ ಕೊಪ್ಪದ ಕಡೆಯ ಒಂದು ಸಣ್ಣ ಊರಿಗೆ ಹೊರಟೆ.

ಅಲ್ಲಿ ಲಸಿಕೆ ಹಾಕುವವರು ಮೆಹರುನ್ನೀಸಾ ಸಿಸ್ಟರು. ಮದ್ದೂರಿನವರು, ನನಗಿಂತ ಹತ್ತು ವರ್ಷ ಹಿರಿಯರು. ಅಂಗನವಾಡಿ ಜಗುಲಿಯ ಮೇಲೆ ಇಪ್ಪತ್ತು ಮೂವತ್ತು ತಾಯಂದಿರು ಕಾಯುತ್ತಿದ್ದರು. ಸಿಸ್ಟರು ಪೆಟ್ಟಿಗೆ ತೆರೆದು, ಒಂದು ಪ್ಯಾಕ್ ಎತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿದರು. ಗುಳಗುಳ ಅಂದಿತು. ನನ್ನ ಮುಖ ನೋಡಿದರು.

"ಹಾಕ್ಬುಡಿ ಸಿಸ್ಟರ್, ಯಾರಿಗ್ ಗೊತ್ತಾಯ್ತದೆ?" ಅಂದೆ, ಮೆಲ್ಲಗೆ.

"ಮಗೀಗ್ ಗೊತ್ತಾಯ್ತದೆ ಕಣಪ್ಪ, ದಡಾರ ಬಂದಾಗ."

ಬಿಸಿ ತಾಗಿದ ಲಸಿಕೆ ನೀರಿಗೆ ಸಮ. ಹಾಕಿಸಿಕೊಂಡೆವು ಎಂದು ತಾಯಿ ನೆಮ್ಮದಿಯಾಗಿರುತ್ತಾಳೆ, ಮಗುವಿಗೆ ರಕ್ಷಣೆ ಇರುವುದಿಲ್ಲ. ಸಿಸ್ಟರು ಪೆಟ್ಟಿಗೆ ಮುಚ್ಚಿದರು. "ಯಾಕೆ ಆಕ್ತಾ ಇಲ್ಲ ಅಂತ ನೀನೇ ಯೇಳು. ಕರೆಂಟಿನ ಮೇಲೆ ಎತ್ತಾಕ್ಬೇಡ," ಅಂದರು.

ಹೇಳಿದೆ. ನಿಮ್ಮ ಮಕ್ಕಳ ಲಸಿಕೆಗೆ ಇಟ್ಟ ಐಸನ್ನು ನಾವು ಮಜ್ಜಿಗೆಗೆ ಹಾಕಿಕೊಂಡು ಕುಡಿದೆವು ಎಂದು. ಇದನ್ನು ಹೇಳಲು ಮರ್ಯಾದಸ್ಥ ಮಾತುಗಳೇ ಇಲ್ಲ, ನೀವೂ ಒಮ್ಮೆ ಹೇಳಿ ನೋಡಿ. ಕೆಲವರು ನಕ್ಕರು. ಸವಿತ ಎಂಬ ಹೆಣ್ಣುಮಗಳು ನಗಲಿಲ್ಲ. ತವರಿಗೆ ಬಂದಿದ್ದವಳು, ಒಂಬತ್ತು ತಿಂಗಳ ಮಗು ಕಂಕುಳಲ್ಲಿತ್ತು.

"ನಾಳೀಕೆ ಬೆಳಕವಾಡಿಗೆ ಓಯ್ತೀನಿ, ನನ್ ಗಂಡನ್ ಮನೆಗೆ. ನೀವ್ ತಣ್ಣಗ್ ಕುಡ್ಕಂಡ್ರಲ್ಲ, ನನ್ ಮಗೀನ್ ಗತಿ ಏನು? ಇನ್ಮೇಲೆ ನಿಮ್ಮೋರು ಯಾರೇ ಬಂದ್ರೂ ಆಕ್ಸಕಿಲ್ಲ, ಬುಡಿ."

ಮುಂದಿನ ಗುರುವಾರ ಉಳಿದವರೆಲ್ಲ ಬಂದರು. ಬೆಳಕವಾಡಿಯಲ್ಲಿ ಸವಿತ ಮಾತ್ರ ತನ್ನ ಮಾತಿನಂತೆ ನಡೆದಿದ್ದಳು. ಲಸಿಕೆಯವರು ಮನೆಗೆ ಹೋದರೂ ಮಗುವನ್ನು ಕೊಟ್ಟಿರಲಿಲ್ಲ ಎಂದು ಅಲ್ಲಿನ ಶಾಖೆಯ ಗೆಳೆಯನೊಬ್ಬ ತಿಳಿಸಿದ. ಅದೇ ಹೊತ್ತಿಗೆ, ಬೆಳಕವಾಡಿ ಇರುವ ಮಳವಳ್ಳಿ ಕಡೆಯೇ ಒಂದೆರಡು ಮಕ್ಕಳಿಗೆ ದಡಾರ ಎಂದು ಸುದ್ದಿ ಬಂತು. ನನಗೆ ಊಟ ಸೇರಲಿಲ್ಲ. ಆ ಮಗುವಿಗೇನಾದರೂ ಆದರೆ ಅದು ನನ್ನದೇ ಕೆಲಸ. ನಾವೇ ಬರುತ್ತೇವೆ ಎಂದು ಆ ಗೆಳೆಯನಿಗೆ ಹೇಳಿ, ಮೆಹರ್ ಸಿಸ್ಟರನ್ನು ಕರೆದುಕೊಂಡು ಬಸ್ಸು ಹತ್ತಿದೆ. ಕಲ್ಲಿನಂಥ ಐಸಿನ ಪೆಟ್ಟಿಗೆ ತೊಡೆಯ ಮೇಲೆ. ದಾರಿಯುದ್ದಕ್ಕೂ ಸಿಸ್ಟರು ಕಿಟಕಿಯಾಚೆಯೇ ನೋಡುತ್ತಾ ಕೂತರು. ನನ್ನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ ಅಂದುಕೊಂಡೆ.

ಸವಿತ ಬಾಗಿಲಿಗೆ ಅಡ್ಡ ನಿಂತಳು. "ಇವತ್ತೂ ಕುಡ್ಕಂಡೇ ಬಂದ್ರಾ?" ಅಂದಳು. ಪೆಟ್ಟಿಗೆ ತೆರೆದು ಮುಂದಿಟ್ಟೆ. ಅವಳು ಒಳಗೆ ಕೈ ಹಾಕಿ ಪ್ಯಾಕನ್ನು ಅಂಗೈಯಲ್ಲಿ ಅದುಮಿ ಹಿಡಿದಳು. ಒಂದನ್ನಲ್ಲ, ನಾಲ್ಕನ್ನೂ, ಒಂದಾದ ಮೇಲೊಂದು. ಎಷ್ಟೋ ಅಧಿಕಾರಿಗಳು ಬಂದು ತಪಾಸಣೆ ಮಾಡಿದ್ದಾರೆ, ಇಷ್ಟು ಕಟ್ಟುನಿಟ್ಟಾಗಿ ಯಾರೂ ನೋಡಿರಲಿಲ್ಲ. ಬೆರಳು ಮರಗಟ್ಟಿರಬೇಕು, ಸೆರಗಿಗೆ ಒರೆಸಿಕೊಂಡಳು. ಒಳಗೆ ಹೋಗಿ ಮಗುವನ್ನು ತಂದು ಸಿಸ್ಟರ ಮಡಿಲಿಗೆ ಕೊಟ್ಟಳು. ಮಗು ಊರೆಲ್ಲ ಕೇಳುವಂತೆ ಅತ್ತಿತು. ಅಷ್ಟು ಒಳ್ಳೆಯ ಅಳುವನ್ನು ನಾನು ಮತ್ತೆ ಕೇಳಿಲ್ಲ.

ಇದನ್ನು ಶಾಖೆಯ ಸಭೆಯಲ್ಲಿ ನಾನೆಂದೂ ಬಾಯಿಬಿಟ್ಟಿರಲಿಲ್ಲ. ಶನಿವಾರವೂ ಬಿಡುವ ಇರಾದೆ ಇರಲಿಲ್ಲ. ಹಾರ ಹಾಕಿದರು, ಶಾಲು ಹೊದಿಸಿದರು. ಕರ್ತವ್ಯನಿಷ್ಠೆ ಅಂದರೆ ಇವರು ಎಂದು ಒಬ್ಬರು ಹೇಳಿದಾಗ ಕೂರಲಾಗಲಿಲ್ಲ. ಧನ್ಯವಾದದ ಚೀಟಿ ಮಡಿಸಿಟ್ಟು, ಎದ್ದು ನಿಂತು, ಎಲ್ಲವನ್ನೂ ಹೇಳಿದೆ. ಹೊಸ ಹುಡುಗಿಯರು ಬಾಯಿ ಬಿಟ್ಟುಕೊಂಡು ಕೇಳಿದರು. ನಾಚಿಕೆಯಾಯಿತು, ಹಗುರವೂ ಆಯಿತು.

ಮುಂದಿನ ಸಾಲಿನಲ್ಲಿ ಮೆಹರ್ ಸಿಸ್ಟರು ಕೂತಿದ್ದರು. ನಿವೃತ್ತಿಯಾಗಿ ಎಷ್ಟೋ ಕಾಲವಾಯಿತು, ಮಂಡಿ ನೋವು, ನನಗೋಸ್ಕರ ಬಂದಿದ್ದರು. ಕುರ್ಚಿಯ ಕೈ ಹಿಡಿದು ಕಷ್ಟಪಟ್ಟು ಎದ್ದರು.

"ಅವತ್ತು ಜಗುಲಿ ಮೇಲೆ ಇವ್ನ ಒಬ್ಬನ್ನೇ ನಿಲ್ಸಿ ಯೇಳಿಸ್ದೆ," ಅಂದರು. "ಆ ಮಜ್ಜಿಗೆ ನಾನೂ ಎರಡ್ ಲೋಟ ಕುಡ್ದಿದ್ದೆ ಕಣ್ರಪ್ಪ. ಐಸ್ ಎಲ್ಲಿಂದ ಬಂತು ಅಂತ ಗೊತ್ತಿದ್ದೇ ಕುಡ್ದಿದ್ದೆ."